ಬೀರಿ ಗೆದ್ದ ಗದ್ದೆ

ಬೆಳಂಬಾರದ ಬೀರಿ ಗದ್ದೆಯ ನೆಟ್ಟಿಗೆ ಇಳಿದಳೆಂದರೆ ಅವಳ ಬೆರಳು ಕಣ್ಣಿಗೆ ಸಿಗುತ್ತಿರಲಿಲ್ಲ. ಎಡಗೈಯಲ್ಲಿ ಭತ್ತದ ಸಸಿಯ ಸೂಡಿ. ಬಲಗೈ ಅದರಿಂದ ನಾಲ್ಕೈದು ಎಳೆ ಬಿಡಿಸಿ ಕೆಸರಿಗೆ ಊರುವುದು, ಮತ್ತೆ ಬಿಡಿಸುವುದು, ಮತ್ತೆ ಊರುವುದು. ಅಂಗಳದಲ್ಲಿ ಕೋಳಿ ಕಾಳು ಹೆಕ್ಕಿದ ಹಾಗೆ. ಅಷ್ಟು ಚುರುಕಿನ ಕೈ ಆ ಊರಿನಲ್ಲಿ ಇನ್ನೊಂದಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಯಾವ ಹೆಂಗಸೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಲಿಲ್ಲ.

ಗಂಡಸರದ್ದು ಹಾಗಲ್ಲ. ಅಂಗೈಯಲ್ಲಿ ತೆಂಗಿನಕಾಯಿ ಒಡೆಯುವವನು ಯಾರು, ಬಾವಿಕಟ್ಟೆಯ ಗುಂಡುಕಲ್ಲನ್ನು ಎದೆಗೆ ಎತ್ತುವವನು ಯಾರು, ಯಾರ ಕೋಣ ಮೊದಲು ಉಳುಮೆ ಮುಗಿಸಿತು, ಎಲ್ಲಕ್ಕೂ ಊರಿನಲ್ಲಿ ಹೆಸರಿತ್ತು. ಹತ್ತು ವರ್ಷದ ಹಿಂದಿನ ಪಂಥದ ಜಗಳವನ್ನು ಎಲೆಅಡಿಕೆಯ ಕವಳ ಜಗಿಯುತ್ತ ಹೊಸದಾಗಿ ಆಡುತ್ತಿದ್ದರು. ಸ್ವಾತಂತ್ರ್ಯ ಚಳವಳಿಯವರಾದ ನಾವೇನು ಬೇರೆ ತಳಿಯಲ್ಲ. ಜೈಲಿನಲ್ಲಿ ಯಾರು ಎಷ್ಟು ಜೋಳ ಬೀಸಿದ, ಯಾರ ಬೆನ್ನಿಗೆ ಎಷ್ಟು ಲಾಠಿ ಬಿತ್ತು ಎಂದು ಲೆಕ್ಕ ಹಾಕಿ, ಒಬ್ಬರನ್ನೊಬ್ಬರು ಮೀರಿಸಲು ನೋಡಿದೆವು. ಹೊರಗೆ ಬಂದಮೇಲೆ ಅದಕ್ಕೆ ತ್ಯಾಗ ಎಂದು ಹೆಸರಿಟ್ಟೆವು. ಏಟು ಹೆಂಗಸರಿಗೂ ಬಿದ್ದಿತ್ತು. ಅವರು ಎಣಿಸಿಕೊಂಡಿದ್ದು ನನಗೆ ಗೊತ್ತಿಲ್ಲ.

ಸಾವಿರದ ಒಂಬೈನೂರ ಮೂವತ್ನಾಲ್ಕರಲ್ಲಿ ನನ್ನನ್ನು ಜೈಲಿನಿಂದ ಬಿಟ್ಟರು. ಚರಕದ ಕೆಲಸ ಮಾಡು ಎಂದು ಮೇಲಿನವರು ಬೆಳಂಬಾರಕ್ಕೆ ಕಳಿಸಿದರು. ಚರಕ ತಿರುಗಲಿಲ್ಲ, ಆ ಮಾತು ಬೇರೆ. ಇರಲು ಕೊಟ್ಟ ಕೊಟ್ಟಿಗೆ ಬೀರಿಯ ಗುಡಿಸಲಿನ ಪಕ್ಕದಲ್ಲಿತ್ತು. ನಡುವೆ ಒಂದು ಬೇಲಿ. ಅವಳ ಕತೆ ನನಗೆ ಗೊತ್ತಿರುವುದು ಆ ಬೇಲಿಯಿಂದ.

ನೆಟ್ಟಿಯ ಸಾಲು ಹೇಗೆ ನಡೆಯುತ್ತದೆ ಎಂದು ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹತ್ತು ಹನ್ನೆರಡು ಹೆಂಗಸರು ಗದ್ದೆಗೆ ಅಡ್ಡಲಾಗಿ ನಿಂತು, ಬಗ್ಗಿ ನೆಡುತ್ತ ಹಿಂದಹಿಂದಕ್ಕೆ ಹೋಗುತ್ತಾರೆ. ಒಬ್ಬೊಬ್ಬರಿಗೆ ಕೈ ಎಟುಕುವಷ್ಟು ಅಗಲದ ಒಂದು ಪಟ್ಟಿ. ಅರ್ಧ ಸಾಲು ಒಂದು ಹಾಡು ಎತ್ತುತ್ತದೆ, ಉಳಿದ ಅರ್ಧ ಅದನ್ನು ತಿರುಗಿ ಹೇಳುತ್ತದೆ, ಆ ಲಯಕ್ಕೆ ಎಲ್ಲರ ಕೈ ಬೀಳುತ್ತದೆ. ಯಾರೂ ಮುಂದಾಗುವಂತಿಲ್ಲ, ಯಾರನ್ನೂ ಹಿಂದೆ ಬಿಡುವಂತಿಲ್ಲ. ಮುದುಕಿ, ಬಸುರಿ, ಜ್ವರ ಬಂದವಳು ಇದ್ದರೆ ಅವಳನ್ನು ಇಬ್ಬರು ಚುರುಕಿನವರ ನಡುವೆ ನಿಲ್ಲಿಸುತ್ತಾರೆ. ಅವಳಿಗೆ ಸುಸ್ತಾದರೆ 'ಕೈ ಹಾಕೆ' ಎನ್ನುತ್ತಾಳೆ. ಪಕ್ಕದವಳು ಮಾತಿಲ್ಲದೆ ಅವಳ ಪಟ್ಟಿಗೂ ಕೈ ಚಾಚಿ ನಾಲ್ಕು ಹಿಡಿ ನೆಡುತ್ತಾಳೆ. ಹಾಳಿಯ ಮೇಲೆ, ಅಂದರೆ ಗದ್ದೆಯ ಅಂಚಿನ ಮೇಲೆ, ಕೊಡೆ ಹಿಡಿದು ನಿಂತ ಒಡೆಯನಿಗೆ ಒಂದು ನೆಟ್ಟಗಿನ ಸಾಲು ಮಾತ್ರ ಕಾಣುತ್ತದೆ. ಯಾರು ಹೆಚ್ಚು ನೆಟ್ಟರು, ಯಾರು ಕಡಿಮೆ, ಅವನಪ್ಪನಿಗೂ ತಿಳಿಯುವುದಿಲ್ಲ. ಒಬ್ಬಳನ್ನು ತೋರಿಸಿ ಇನ್ನೊಬ್ಬಳ ಕೂಲಿ ಕತ್ತರಿಸುವ ದಾರಿ ಅಲ್ಲಿಗೆ ಮುಚ್ಚಿತು. ನಮ್ಮ ಸಂಘಟನೆಗಳಲ್ಲಿ ಇಷ್ಟು ಗಟ್ಟಿಯಾದದ್ದನ್ನು ನಾನು ಕಂಡಿಲ್ಲ.

ಬೀರಿಯ ಬಲಕ್ಕೆ ಏಳೆಂಟು ವರ್ಷದಿಂದ ನಾಗಮ್ಮ ನಿಲ್ಲುತ್ತಿದ್ದಳು. ನಾಗಮ್ಮ ಅದೇ ಊರಿನ ಮಾಬ್ಲ ಎಂಬವನ ಹೆಂಡತಿ. ಅವಳದ್ದೂ ಒಳ್ಳೆಯ ಕೈ, ಆದರೆ ವರ್ಷ ಬಿಟ್ಟು ವರ್ಷ ಬಸಿರು. ಹಾಗಾಗಿ ಬೀರಿಯ ಬಲಗೈ ತನ್ನ ಪಟ್ಟಿ ಮುಗಿಸಿ ನಾಗಮ್ಮನ ಪಟ್ಟಿಗೆ ಹೋಗುವುದು ಉಸಿರಾಟದಷ್ಟು ರೂಢಿಯಾಗಿತ್ತು. ಬೀರಿಗೆ ಹುಟ್ಟಿದ ಎರಡು ಕೂಸೂ ಉಳಿದಿರಲಿಲ್ಲ. ಅವಳ ಚುರುಕು ಖರ್ಚಾಗುತ್ತಿದ್ದದ್ದು ಅಲ್ಲಿ.

ಮೂವತ್ತೈದರ ಬೇಸಿಗೆಯಲ್ಲಿ ಬೀರಿಯ ಗಂಡ ಜಟ್ಟು ಜ್ವರ ಬಂದು ಸತ್ತ. ಅಂಕೋಲೆಯ ಒಡೆಯರ ಮೂರು ಗದ್ದೆಗಳನ್ನು ಅವನು ಗೇಣಿಗೆ ಮಾಡಿಕೊಂಡಿದ್ದ. ಹದಿನಾಲ್ಕು ವರ್ಷ ಗಂಡಹೆಂಡಿರು ಆ ನೆಲದಲ್ಲಿ ಬಿದ್ದು ಎದ್ದಿದ್ದರು. ಜಟ್ಟು ಸತ್ತ ತಿಂಗಳೊಳಗೆ ಮಾಬ್ಲ ಒಡೆಯರ ಮನೆಗೆ ಹೋಗಿ ಆ ಗದ್ದೆ ತನಗೆ ಕೊಡಿ ಎಂದು ಕೇಳಿದ. ಅದರಲ್ಲಿ ಅವನಿಗೆ ಸಂಕೋಚವೇನೂ ಇರಲಿಲ್ಲ. ಗಂಡಸಿಲ್ಲದ ಗದ್ದೆ ಯಾರಾದರೂ ಕೇಳುವುದೇ. ಬೀರಿಯೂ ಅಂಕೋಲೆಗೆ ನಡೆದುಹೋಗಿ ಗದ್ದೆ ನನಗೇ ಇರಲಿ ಎಂದಳು. ಗದ್ದೆ ಹೋದರೆ ಅವಳಿಗಿದ್ದದ್ದು ಒಂದೇ ದಾರಿ: ತೋಡೂರಿನ ಅಣ್ಣನ ಮನೆ. ಅಲ್ಲಿ ಅತ್ತಿಗೆ ಹಾಕಿದ್ದನ್ನು ಉಣ್ಣಬೇಕು, ಹೇಳಿದ್ದನ್ನು ಮಾಡಬೇಕು.

ಒಡೆಯರ ಪಾರುಪತ್ಯ ನೋಡುತ್ತಿದ್ದವನು ದೇವಿದಾಸ. ಕಾರವಾರದವನು, ಅಲ್ಲಿಯ ಶಾಲೆಯಲ್ಲಿ ಓದಿದವನು, ಎಳೆ ವಯಸ್ಸು. ಕೆಟ್ಟವನಲ್ಲ. ಯಾರ ಬಾಯಿಗೂ ಬೀಳಬಾರದು ಎಂಬುದು ಅವನ ಆಸೆ. ಅಂಥವರಿಂದಲೇ ಹೆಚ್ಚು ಕೆಡುಕಾಗುವುದು. ಮಳೆ ಹಿಡಿದ ಮೇಲೆ ಬೆಳಂಬಾರಕ್ಕೆ ಬಂದು ಇಬ್ಬರನ್ನೂ ಕರೆಸಿ, ಊರವರ ಮುಂದೆಯೇ ಹೇಳಿದ:

"ನಾನು ಯಾರ ಪಕ್ಷವೂ ಅಲ್ಲ ಹಾಂ. ಕಾರವಾರದ ಮೈದಾನದಲ್ಲಿ ಓಟದ ಪಂಥ ಆಗ್ತದೆ. ಮೊದಲು ಬಂದವನಿಗೆ ಬಹುಮಾನ, ಅಲ್ಲಿಗೆ ಮುಗೀತು. ಯಾರೂ ತಕರಾರು ಮಾಡೂದಿಲ್ಲ. ಹಾಗೇ ಮಾಡುವಾ. ಉದ್ದದ ಗದ್ದೆಗೆ ನಡುವೆ ಹಗ್ಗ ಕಟ್ಟುವಾ. ಒಂದು ಬದಿ ಮಾಬ್ಲನ ಮನೆಯದ್ದು, ಒಂದು ಬದಿ ಬೀರಿದು. ಯಾರು ಮೊದಲು ನೆಟ್ಟು ಮುಗಿಸ್ತಾರೋ ಮೂರೂ ಗದ್ದೆ ಅವರಿಗೆ."

ಅವನ ಎಣಿಕೆ ನನಗೆ ಆಗಲೇ ಹೊಳೆಯಿತು. ಹೆಂಗಸು ಪಂಥಕ್ಕೆ ಒಪ್ಪುವುದಿಲ್ಲ, ತಾನಾಗಿ ಹಿಂದೆ ಸರಿಯುತ್ತಾಳೆ, ಗದ್ದೆ ಮಾಬ್ಲನಿಗೆ ಹೋಗುತ್ತದೆ, ತನ್ನ ತಲೆಗೆ ಏನೂ ಬರುವುದಿಲ್ಲ. ಮಾಬ್ಲ ಕೇಳಿದ್ದೇ ತಡ ತೊಡೆ ತಟ್ಟಿದ. "ಆಯ್ತು ಬಿಡಿ, ಪಂಥ ಅಂದ್ರೆ ಪಂಥವೇ!"

ಬೀರಿ ಕೇಳಿದಳು: "ನನ್ನ ಬದಿ ನಾ ನೆಡ್ತೆ. ಮಾಬ್ಲನ ಬದಿ ಯಾರು ನೆಡೂದು? ಮಾಬ್ಲನೇಯಾ?"

ಊರು ಬಿದ್ದು ಬಿದ್ದು ನಕ್ಕಿತು. ಗಂಡಸು ಉಳುತ್ತಾನೆ, ನೆಡುವುದಿಲ್ಲ. ಮಾಬ್ಲನೂ ನಕ್ಕ. "ನಾ ನೆಟ್ರೆ ಕಪ್ಪೆನೂ ಆ ಗದ್ದೆಗೆ ಬತ್ತಿಲ್ಲ ಮಾರಾಯ್ತಿ. ನಾಗಮ್ಮ ಅದೆಯಲ್ಲ."

ನಾಗಮ್ಮ ಅಲ್ಲಿರಲಿಲ್ಲ. ಮನೆಯಲ್ಲಿ ಮೂರು ತಿಂಗಳ ಕೂಸಿಗೆ ಮೊಲೆ ಕೊಡುತ್ತ ಕೂತಿದ್ದಳು. ತಾನು ಪಂಥಕ್ಕೆ ನಿಂತಿದ್ದೇನೆ ಎಂಬ ಸುದ್ದಿ ಅವಳಿಗೆ ನೀರಿಗೆ ಬಂದ ಹೆಂಗಸರಿಂದ ತಿಳಿಯಿತು.

ಮಾರನೆಯ ದಿನ ಸಸಿ ಕೀಳುವ ಕಡೆ ಇಬ್ಬರೂ ಎದುರುಬದುರಾದರು. ನಾನು ಅಲ್ಲೇ ಸೂಡಿ ಹೊರುತ್ತಿದ್ದೆ.

"ಎಂತಕೆ ಒಪ್ಪಿಕಂಡೆ ನೀನು?" ನಾಗಮ್ಮ ತಲೆ ಎತ್ತದೆ ಕೇಳಿದಳು. "ನೀ ಇಲ್ಲ ಅಂದಿದ್ರೆ ಅಲ್ಲಿಗೇ ಮುಗೀತಿತ್ತು."

"ನಿಂಗೆ ಮುಗೀತಿತ್ತು. ನಾ ತೋಡೂರಿಗೆ ಹೋಗಿ ಅತ್ತಿಗೆ ಪಾತ್ರೆ ತಿಕ್ಕೂದಾಗಿತ್ತು."

"ನಂಗೆ ಬೆನ್ನು ಆತಿಲ್ಲ ಬೀರಿ. ಹೆತ್ತು ಮೂರು ತಿಂಗ್ಳು."

"ಹಾಂಗಾರೆ ಅವಂಗೆ ಹೇಳು."

"ಹೇಳ್ದೆ. ಮನೆ ಮರ್ಯಾದೆ ಹೋಗ್ತದೆ ಅಂತಾನೆ. ಅವನ ಮರ್ಯಾದೆ ನನ್ನ ಬೆನ್ನಾಗೆ ಅದೆ, ಕಾಣು."

ಬೀರಿಗೆ ನಗು ಬಂತು. ನಾಗಮ್ಮನಿಗೂ ಬಂತು. ಸೂಡಿ ಕಟ್ಟುತ್ತ ಇಬ್ಬರೂ ಸುಮಾರು ಹೊತ್ತು ನಕ್ಕರು. ಅವರು ಒಟ್ಟಿಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಕಡೆಯ ಸಲ. ಆಗ ನನಗದು ಗೊತ್ತಿರಲಿಲ್ಲ, ಅವರಿಗೂ ಇರಲಿಲ್ಲ.

ಪಂಥದ ದಿನ ಬೆಳಿಗ್ಗೆ ಗಂಜಿ ಉಂಡು ಊರಿಗೆ ಊರೇ ಹಾಳಿಯ ಮೇಲೆ ನಿಂತಿತು. ಮಳೆ ಸಣ್ಣಗೆ ಹನಿಯುತ್ತಿತ್ತು. ಉದ್ದದ ಗದ್ದೆ ಹೆಸರಿಗೆ ತಕ್ಕಂತೆ ಓಣಿಯ ಹಾಗೆ ಉದ್ದ, ಅಗಲವಿಲ್ಲ. ಈ ತುದಿಯಿಂದ ಆ ತುದಿಗೆ ಕತ್ತದ ಹಗ್ಗ ಎಳೆದು ಎರಡು ಪಟ್ಟಿ ಮಾಡಿದ್ದರು. ಎಡಕ್ಕೆ ಬೀರಿ, ಬಲಕ್ಕೆ ನಾಗಮ್ಮ. ಸಾಲಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ. ದೇವಿದಾಸ ಕೊಡೆಯ ಕೆಳಗೆ ಗಡಿಯಾರ ಹಿಡಿದು "ಹೂಂ" ಎಂದ.

ಯಾರೂ ಹಾಡಲಿಲ್ಲ. ಕೆಸರಿನಲ್ಲಿ ಕೈ ಬೀಳುವ ಸದ್ದು, ಗಂಡಸರ ಕೂಗು, ಅಷ್ಟೇ. ಗಂಡಸರು ಎರಡು ಪಕ್ಷವಾಗಿದ್ದರು, ಕೋಳಿ ಅಂಕದಲ್ಲಿ ಆಗುವ ಹಾಗೆ. ಹೆಂಗಸರು ಒಂದು ಮೂಲೆಯಲ್ಲಿ ಮಳೆ ತಡೆಯುವ ಗೊರಬೆ ಹೊದ್ದು ಕುಕ್ಕರುಗಾಲಲ್ಲಿ ಕೂತಿದ್ದರು. ಅವರಿಗೆ ಪಕ್ಷವಿರಲಿಲ್ಲ. ಸಾಲು ನಡೆಸುವ ಮುದುಕಿ ಹನುಮಜ್ಜಿ ಗದ್ದೆಗೆ ಬೆನ್ನು ಹಾಕಿಯೇ ಕೂತಿದ್ದಳು. ನಾನು ಎಲ್ಲಿ ನಿಂತಿದ್ದೆ ಎಂದರೆ ಗಂಡಸರ ನಡುವೆ. ಬೀರಿಯ ಪಕ್ಷದಲ್ಲಿ ಗಂಟಲು ಹರಿಯುವಂತೆ ಕೂಗಿದೆ. ಹೆಣ್ಣೊಬ್ಬಳು ಗಂಡಸಿನ ಎದುರು ನಿಂತಿದ್ದಾಳೆ ಎಂದು ನನಗೆ ಮೈಯೆಲ್ಲ ಹುರುಪು. ಅವಳೆದುರು ನಿಂತಿದ್ದದ್ದು ಗಂಡಸಲ್ಲ, ಮೂರು ತಿಂಗಳ ಬಾಣಂತಿ, ಎಂಬುದು ನನ್ನ ಕಣ್ಣಿಗೆ ಕಾಣಲೇ ಇಲ್ಲ.

ಕಾಲುಭಾಗ ನೆಟ್ಟಿರಬಹುದು. ಆಗ ಬೀರಿ ಒಂದು ತಪ್ಪು ಮಾಡಿದಳು. ತನ್ನ ಪಟ್ಟಿಯ ಕೊನೆಯ ಹಿಡಿ ಊರಿದ ಕೈ, ಹಗ್ಗ ಇರುವುದು ಮರೆತು, ಅದರ ಕೆಳಗೆ ಹಾಯ್ದು ನಾಗಮ್ಮನ ಪಟ್ಟಿಯಲ್ಲಿ ಒಂದು ಹಿಡಿ ನೆಟ್ಟಿತು.

"ಏ! ಹಗ್ಗದ ಆಚೆ!" ದೇವಿದಾಸ ಕೂಗಿದ.

ಗಂಡಸರು ಕೇಕೆ ಹಾಕಿದರು. "ಬಿಡ್ರಾ, ನಮ್ಗೇ ಚೊಲೋ ಆಯ್ತು," ಎಂದ ಮಾಬ್ಲ. ದೇವಿದಾಸನಿಗೆ ನಗು ಬರಲಿಲ್ಲ. ಅವನಿಗೆ ನ್ಯಾಯ ಮುಖ್ಯ. "ಹಾಗೆಲ್ಲ ನಡೆಯೂದಿಲ್ಲ. ಇನ್ನೊಮ್ಮೆ ಯಾರ ಕೈ ಹಗ್ಗ ದಾಟ್ತದೋ ಅವರು ಸೋತ ಹಾಗೆ. ಕೇಳಿತಾ ಬೀರಿ?"

ಬೀರಿ ಮತ್ತೆ ಬಗ್ಗಿದಳು.

ಅರ್ಧ ದಾಟುವ ತನಕ ಇಬ್ಬರೂ ಸರಿಸಮ ಇದ್ದರು. ಆಮೇಲೆ ಬೀರಿ ಒಂದು ಮೊಳ ಮುಂದಾದಳು. ಮತ್ತೆ ನಾಗಮ್ಮ ಹಿಡಿದಳು. ಆ ಹೆಂಗಸು ಹೇಗೆ ನೆಟ್ಟಳೋ ದೇವರೇ ಬಲ್ಲ, ತುಟಿ ಕಚ್ಚಿಕೊಂಡು, ಒಂದು ಸಲವೂ ಬೆನ್ನು ನೆಟ್ಟಗೆ ಮಾಡದೆ. ಆಚೆಯ ಹಾಳಿಗೆ ಇನ್ನು ನಾಲ್ಕು ಮಾರು ಇರುವಾಗ ಅವಳ ಕೈ ನಿಂತಿತು. ಬಗ್ಗಿದವಳು ಬಗ್ಗಿದ ಹಾಗೇ ಉಳಿದಳು. ಏಳಲೂ ಆಗಲಿಲ್ಲ, ಕೂರಲೂ ಆಗಲಿಲ್ಲ.

"ಬೀರೀ," ಎಂದಳು. "ಕೈ ಹಾಕೆ."

ಕೂಗಲಿಲ್ಲ, ಅಳಲಿಲ್ಲ. ಸಾಲಿನಲ್ಲಿ ನೂರು ಸಲ ಹೇಳಿದ ದನಿಯಲ್ಲೇ ಹೇಳಿದಳು. ಗಂಡಸರ ಕೂಗು ತಟ್ಟನೆ ನಿಂತಿತ್ತಾದ್ದರಿಂದ ಆ ಮಾತು ಎಲ್ಲರಿಗೂ ಕೇಳಿತು. ಹನುಮಜ್ಜಿ ತಿರುಗಿ ನೋಡಿದಳು.

ಬೀರಿಯ ಬಲಗೈ ಸಸಿ ಹಿಡಿದು ಹಗ್ಗದ ಹತ್ತಿರ ಹೋಯಿತು. ನಾನು ಕಂಡೆ. ಹಗ್ಗದ ಮೇಲೆ ಒಂದು ಗಳಿಗೆ ನಿಂತು ಹಿಂದೆ ಬಂತು. ಆಮೇಲೆ ತನ್ನ ಪಟ್ಟಿಯಲ್ಲಿ ಊರಿತು. ಮತ್ತೆ ಊರಿತು. ನಾಲ್ಕು ಮಾರನ್ನು ಅವಳು ತಲೆ ಎತ್ತದೆ ಮುಗಿಸಿದಳು. ಅವಳ ಹಿಮ್ಮಡಿ ಹಾಳಿಗೆ ತಾಗಿದ ಹೊತ್ತಿಗೆ ನಾಗಮ್ಮ ಕೆಸರಿನಲ್ಲಿ ಮಗುಚಿಕೊಂಡಿದ್ದಳು.

ಮಾಬ್ಲ ಮೊದಲು ಬಂದದ್ದು ಬೀರಿಯ ಹತ್ತಿರ. ಹಲ್ಲು ಕಿರಿಯುತ್ತ, ಸೊಂಟದ ಸಂಚಿ ಬಿಚ್ಚಿ ಕವಳ ಕೊಟ್ಟ. "ಸೋಲಿಸಿಬಿಟ್ಯಲ್ಲೇ ಮಾರಾಯ್ತಿ! ಎಂಥಾ ಕೈ ನಿಂದು!" ಅವನ ಮಾತಿನಲ್ಲಿ ವಿಷವಿರಲಿಲ್ಲ. ಗುಂಡುಕಲ್ಲಿನ ಪಂಥದಲ್ಲಿ ಸೋತಾಗಲೂ ಅವನು ಹೀಗೇ ಕವಳ ಕೊಡುತ್ತಿದ್ದ. ಅತ್ತ ಹೆಂಗಸರೆಲ್ಲ ಗದ್ದೆಗೆ ಇಳಿದು ನಾಗಮ್ಮನನ್ನು ಎತ್ತುತ್ತಿದ್ದರು. ಬೀರಿ ಕವಳ ಕೈಯಲ್ಲಿ ಹಿಡಿದು ಅವರ ಕಡೆ ಎರಡು ಹೆಜ್ಜೆ ಇಟ್ಟಳು. ಅವರು ದಾರಿ ಬಿಡಲಿಲ್ಲ. ತಡೆಯಲೂ ಇಲ್ಲ. ಅವಳು ಅಲ್ಲಿ ಇದ್ದಾಳೆ ಎಂಬುದನ್ನೇ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾಗಮ್ಮನನ್ನು ಹೊತ್ತುಕೊಂಡು ಹೋದರು.

ಮೂರೂ ಗದ್ದೆ ಬೀರಿಯದ್ದಾಯಿತು. ದೇವಿದಾಸ ಕಾಲು ತೊಳೆದು ಅಂಕೋಲೆಗೆ ಹೋದ. ಅವನ ಪಾಲಿಗೆ ಅದು ಮುಗಿದ ವಿಷಯ.

ಬೀರಿಗೆ ಇನ್ನೂ ಎರಡು ಗದ್ದೆ ನೆಡುವುದಿತ್ತು, ಉದ್ದದ ಗದ್ದೆಯಲ್ಲಿ ನಾಗಮ್ಮ ಬಿಟ್ಟ ತುಂಡೂ ಇತ್ತು. ಊರಿನಲ್ಲಿ ಮುಯ್ಯಾಳಿನ ಕಟ್ಟು. ಇವತ್ತು ನನ್ನ ಗದ್ದೆಗೆ ನೀನು, ನಾಳೆ ನಿನ್ನ ಗದ್ದೆಗೆ ನಾನು. ಬೀರಿ ಮರುದಿನ ಬೆಳಿಗ್ಗೆ ಎಂದಿನಂತೆ ಸೀರೆ ಎತ್ತಿ ಕಟ್ಟಿ, ಆ ದಿನದ ನೆಟ್ಟಿ ಎಲ್ಲಿತ್ತೋ ಅಲ್ಲಿಗೆ ಹೋದಳು. ಸಾಲು ಆಗಲೇ ನಿಂತಿತ್ತು.

"ನಾ ಎಲ್ಲಿ ನಿಲ್ಲೂದು ಅಜ್ಜಿ?"

ಹನುಮಜ್ಜಿ ಬಗ್ಗಿದಲ್ಲಿಂದಲೇ ಹೇಳಿದಳು: "ಸಾಲು ತುಂಬ್ಯದೆ ತಂಗಿ."

ಸಾಲಿನಲ್ಲಿ ಇಬ್ಬರಿಗೆ ಆಗುವಷ್ಟು ಜಾಗವಿತ್ತು. ನಾಗಮ್ಮನದ್ದು ಒಂದು, ಬೀರಿಯದ್ದು ಒಂದು. ಬೀರಿ ಹಾಳಿ ಹಿಡಿದು ವಾಪಸು ಬಂದಳು.

ಜಗಳವೇನೂ ಇರಲಿಲ್ಲ, ಅದನ್ನು ಸ್ಪಷ್ಟ ಹೇಳುತ್ತೇನೆ. ಬೈದಿದ್ದರೆ ಬೈಗುಳಕ್ಕೆ ಉತ್ತರ ಕೊಡಬಹುದಿತ್ತು. ಬೆಂಕಿ ಕೇಳಿದರೆ ಕೆಂಡ ಕೊಡುತ್ತಿದ್ದರು. ಬಾವಿಯಲ್ಲಿ ಸಿಕ್ಕರೆ "ಉಂಡ್ಯಾ?" ಎನ್ನುತ್ತಿದ್ದರು. ಅವಳು "ಹೂಂ" ಎನ್ನುತ್ತಿದ್ದಳು, ಕೊಡ ಎತ್ತಿಕೊಂಡು ಹೋಗುತ್ತಿದ್ದರು. ಅಷ್ಟೇ. ಅವಳು ಗೆದ್ದದ್ದಕ್ಕೆ ಅವರಿಗೆ ಸಿಟ್ಟೆಂದು ನಾನು ಮೊದಲು ತಿಳಿದಿದ್ದೆ. ಹನುಮಜ್ಜಿಯ ಹತ್ತಿರ ಹೋಗಿ, ದೊಡ್ಡವನ ಹಾಗೆ, ಗೆಲ್ಲಲು ಗಂಡಸಿಗೆ ಇರುವ ಹಕ್ಕು ಹೆಂಗಸಿಗೂ ಇದೆ ಎಂದು ಭಾಷಣ ಬಿಗಿದೆ. ಮುದುಕಿ ಕೇಳಿಸಿಕೊಂಡಳು.

"ಗೆಲ್ಲಲಿ ಮಗಾ. ಯಾರು ಬ್ಯಾಡ ಅಂದ್ರು? ಕರ್ದಾಗ ಕೈ ಹಾಕ್ಲಿಲ್ಲ ಅದು."

"ಹಾಕಿದ್ರೆ ಗದ್ದೆ ಹೋಗ್ತಿತ್ತಲ್ಲ ಅಜ್ಜಿ."

"ಹೋಗ್ತಿತ್ತು," ಎಂದಳು ಹನುಮಜ್ಜಿ.

ನಾಗಮ್ಮ ಎಂಟು ದಿನ ಮಲಗಿ ಎದ್ದಳು. ಅವಳನ್ನೂ ಕೇಳಿದೆ, ಯಾಕೆ ಕರೆದೆ ಎಂದು. ಗಂಡ ಹೇಳಿಕೊಟ್ಟದ್ದೋ ಎಂಬ ಅನುಮಾನ ನನಗೆ. ಅವಳು ಕೂಸನ್ನು ತಟ್ಟುತ್ತ ಹೇಳಿದಳು: "ನಂಗೇ ಗೊತ್ತಿಲ್ಲ. ಬೆನ್ನು ಹಿಡೀತು, ಬಾಯಿಗೆ ಬಂತು. ಬೀರಿ ಬದಿಗಿದ್ರೆ ನಾ ಮತ್ತೆ ಯಾರನ್ನ ಕರ್ಯೂದು?"

ಬೀರಿ ಉಳಿದದ್ದನ್ನು ಒಬ್ಬಳೇ ನೆಟ್ಟಳು. ಹನ್ನೆರಡು ಜನರ ಒಂದು ದಿನದ ಕೆಲಸ ಅವಳ ಆ ಕೈಗೂ ಹತ್ತು ದಿನ ಹಿಡಿಯಿತು. ಸಸಿ ಬಲಿತು ಗಂಟು ಕಟ್ಟಿತು. ನಾನು ಸೂಡಿ ಹೊತ್ತು ಕೊಟ್ಟೆ. ನೆಡಲು ಇಳಿದರೆ "ಬ್ಯಾಡಿ, ನೀವು ಕೆಸರು ಕಲಕ್ತ್ರಿ" ಎಂದಳು. ಅವಳು ಹಾಡು ಎತ್ತಿದ್ದನ್ನು ನಾನು ಕೇಳಲಿಲ್ಲ. ಒಂದು ದಿನ ಕೇಳಿದೆ, ಒಬ್ಬಳೇ ಇದ್ದಾಗ ಹಾಡಿದರೆ ಬೇಸರ ಕಳೆಯುತ್ತದಲ್ಲ ಎಂದು. "ಅರ್ಧ ಹೇಳಿ ನಿಲ್ಲೂದಾಗ್ತದೆ," ಎಂದಳು.

ಬೇರೆಬೇರೆ ದಿನ ನೆಟ್ಟ ಗದ್ದೆ ಬೇರೆಬೇರೆ ದಿನ ಹಣ್ಣಾಗುತ್ತದೆ. ಒಂದು ಮೂಲೆ ತೆನೆ ಬಾಗಿದಾಗ ಇನ್ನೊಂದು ಮೂಲೆ ಹಸಿರು. ಗಿಳಿಗಳಿಗೆ ತಿಂಗಳ ಹಬ್ಬ. ಗೇಣಿ ಅಳೆದು ಕೊಟ್ಟ ಮೇಲೆ ಅವಳಿಗೆ ಉಳಿದದ್ದು ಮಾಘ ಮಾಸದ ತನಕ ಸಾಲಲಿಲ್ಲ.

ಒಂದು ಸಂಜೆ ಬೇಲಿಯ ಆಚೆ ಸೌದೆ ಒಡೆಯುತ್ತಿದ್ದವಳನ್ನು ಕೇಳಿದೆ, ಆ ದಿನ ನಾಗಮ್ಮ ಕರೆದದ್ದು ಕೇಳಿತ್ತೇ ಎಂದು. ಕೇಳಲೇಬಾರದ ಪ್ರಶ್ನೆ. ಆದರೆ ಕೇಳಿದೆ.

"ಕೇಳ್ತು. ಕೇಳ್ದೇ ಇದ್ರೆ ಚೊಲೋ ಇತ್ತು." ಎರಡು ಏಟು ಹೊಡೆದು ಮತ್ತೆ ಹೇಳಿದಳು: "ಮಾಬ್ಲ ಸೋತ, ಬಂದು ಕವಳ ಕೊಟ್ಟ. ಅವಂಗೆ ಸೋತು ರೂಢಿ ಅದೆ. ನಾಗಮ್ಮಂಗೆ ಇಲ್ಲ. ನಂಗೆ ಗೆದ್ದೂ ರೂಢಿ ಇಲ್ಲ. ಗೆದ್ದ ಮೇಲೆ ಎಂತ ಮಾಡೂದು ಅಂತ ನಮ್ಗೆ ಯಾರೂ ಹೇಳಿಕೊಡ್ಲಿಲ್ಲ."

ಮೂವತ್ತಾರರ ಮಳೆಗೂ ಅವಳು ಸಾಲಿನ ಹತ್ತಿರ ಹೋದಳು. ಈ ಸಲ ಎಲ್ಲಿ ನಿಲ್ಲಲಿ ಎಂದು ಕೇಳಲಿಲ್ಲ, ಸುಮ್ಮನೆ ಸಾಲಿನ ತುದಿಗೆ ನಿಂತು ಬಗ್ಗಿದಳು. ಯಾರೂ ಏಳು ಎನ್ನಲಿಲ್ಲ. ಹಾಡು ನಡೆದೇ ಇತ್ತು. ಆದರೆ ಸಾಲು ಹಿಂದೆ ಸರಿಯುತ್ತ ಸರಿಯುತ್ತ ಅವಳಿಂದ ಒಂದು ಪಟ್ಟಿಯಷ್ಟು ಪಕ್ಕಕ್ಕೆ ಹೋಯಿತು. ಅವಳಿಗೂ ಸಾಲಿಗೂ ನಡುವೆ ನೆಡದ ಕೆಸರಿನ ಓಣಿ ಉಳಿಯಿತು. ಮಧ್ಯಾಹ್ನದ ತನಕ ನೆಟ್ಟಳು, ಆಮೇಲೆ ಆ ಓಣಿಯನ್ನೂ ನೆಟ್ಟು ತುಂಬಿಸಿದಳು, ಕೈ ತೊಳೆದು ಬಂದಳು. ಅವಳ ಗದ್ದೆಗೆ ಆ ವರ್ಷವೂ ಯಾರೂ ಬರಲಿಲ್ಲ. ಒಬ್ಬಳೇ ನೆಡುತ್ತ ಕಡೆಯ ವಾರ ಜ್ವರ ಬಂದು, ಮೂರನೆಯ ಗದ್ದೆ ಹಾಗೇ ಉಳಿಯಿತು.

ಆಗ ಮಾಬ್ಲ ಬಂದ. ಅವನೇ ಎರಡು ವರ್ಷವೂ ಅವಳ ಗದ್ದೆ ಉತ್ತುಕೊಟ್ಟವನು, ಹುಲ್ಲಿಗೆ ಬದಲಾಗಿ. ಅವನಿಗೂ ಅವಳಿಗೂ ಮಾತುಕತೆ ಚೆನ್ನಾಗಿಯೇ ಇತ್ತು. ಅಂಗಳದಲ್ಲಿ ಕೂತು, ಕವಳ ಹಾಕಿ, ಹೇಳಿದ:

"ಒಂದು ಮಾತು ಹೇಳ್ತೆ, ಸಿಟ್ಟು ಮಾಡೂಕಾಗ. ಗದ್ದೆ ನಂಗೆ ಬಿಡು. ಒಡೆಯರ ಹತ್ರ ನಾನೇ ಮಾತಾಡ್ತೆ. ನೀ ನಮ್ಮನೆ ಕೆಲಸಕ್ಕೆ ಬಾ. ನಾ ನಾಗಮ್ಮಂಗೆ ಹೇಳ್ತೆ, ನಾಗಮ್ಮ ಹೇಳಿದ್ರೆ ಸಾಲಾಗೂ ಸೇರಿಸ್ಕಣ್ತರು. ಒಬ್ಬಳೇ ಎಷ್ಟು ದಿನ ಸಾಯ್ತೆ?"

ಬೀರಿ ಅವನಿಗೆ ನೀರು ಕೊಟ್ಟಳು. "ನಾಗಮ್ಮ ಎಂತ ಹೇಳ್ತದೆ?" ಎಂದು ಕೇಳಿದಳು.

"ಅದು ಎಂತ ಹೇಳ್ತದೆ? ಬಂದ್ರೆ ಬರ್ಲಿ ಅಂತು."

ಅವನು ಹೋದಮೇಲೆ ಬೇಲಿಯ ಹತ್ತಿರ ಬಂದು ನನ್ನನ್ನು ಕೇಳಿದಳು. ಒಪ್ಪು ಎಂದೆ. ಗದ್ದೆಯನ್ನು ತಿಂದು ಬದುಕಲಾಗುವುದಿಲ್ಲ, ಜನ ಬೇಕು, ಎಂದೆ. ಅಣ್ಣನೂ ತೋಡೂರಿನಿಂದ ಬಂದು, ಉಂಡು, ಹಟ ಸಾಕು ಎಂದು ಹೇಳಿ ಹೋಗಿದ್ದ. ಎಲ್ಲ ಗಂಡಸರೂ ಒಂದೇ ಮಾತು ಹೇಳಿದೆವು, ಗದ್ದೆ ಬಿಡು. ನಮ್ಮಲ್ಲಿ ಯಾರೂ ಮಾಬ್ಲನಿಗೆ ಈ ಮಾತು ಹೇಳುತ್ತಿರಲಿಲ್ಲ. ಇದು ಹೊಳೆಯಲು ನನಗೆ ಬಹಳ ವರ್ಷ ಹಿಡಿಯಿತು.

ನಾಲ್ಕನೆಯ ದಿನ ಅವಳು ಮಾಬ್ಲನ ಮನೆಗೆ ಹೋಗಿ, ಅಂಗಳದಲ್ಲೇ ನಿಂತು, "ಗದ್ದೆ ನಾ ಬಿಡ್ತಿಲ್ಲ" ಎಂದು ಹೇಳಿ ಬಂದಳು. ನಾಗಮ್ಮ ಒಳಗಿದ್ದಳು. ಹೊರಗೆ ಬರಲಿಲ್ಲ.

ಮೂವತ್ತೇಳರಲ್ಲಿ, ಮಳೆ ಬೀಳುವ ಮೊದಲೇ, ಬೀರಿ ಭತ್ತ ನೆನೆಹಾಕಿದಳು. ಸಸಿಮಡಿಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು. ನೀರು ಬಸಿದು, ಹುಲ್ಲು ಮುಚ್ಚಿ, ಮೇಲೆ ಕಲ್ಲು ಹೇರಿ ಮೊಳಕೆ ಬರಿಸಿದಳು. ಮೊದಲ ಮಳೆಗೆ ಮಾಬ್ಲ ಉತ್ತುಕೊಟ್ಟ ಕೆಸರಿಗೆ ಬುಟ್ಟಿ ಸೊಂಟಕ್ಕಿಟ್ಟು ಇಳಿದು, ಮೊಳಕೆಯ ಭತ್ತವನ್ನು ಹಿಡಿಹಿಡಿಯಾಗಿ ಎರಚಿದಳು. ಹೀಗೆ ಬಿತ್ತಿದ ಗದ್ದೆಗೆ ನೆಟ್ಟಿ ಬೇಡ, ಸಾಲು ಬೇಡ, ಯಾರೂ ಬೇಡ. ಬೆಳೆ ತೆಳು, ಕಳೆ ದಟ್ಟ, ಫಸಲು ಮೂರರಲ್ಲಿ ಎರಡು ಪಾಲು ಬಂದರೆ ಪುಣ್ಯ. ನೆಲಕ್ಕೆ ಉಪ್ಪುನೀರು ಹತ್ತಿದವರು, ಕೈಲಾಗದವರು ಮಾಡುವ ಬೇಸಾಯ. ಒಳ್ಳೆಯ ಗದ್ದೆಗೆ ಹೀಗೆ ಬಿತ್ತಿದರೆ ಊರು ನಗುತ್ತದೆ. ನಕ್ಕಿತು. ಮೂರೂ ಗದ್ದೆ ಊಟದ ಹೊತ್ತಿಗೆ ಮುಗಿಯಿತು. ಬೀರಿ ಖಾಲಿ ಬುಟ್ಟಿ ತೊಳೆದು ಹಾಳಿಯ ಮೇಲೆ ಕವಿಚಿಟ್ಟು, ಏನು ಮಾಡುವುದೆಂದು ತಿಳಿಯದವಳ ಹಾಗೆ ಬಹಳ ಹೊತ್ತು ಅಲ್ಲೇ ಕೂತಿದ್ದಳು.

ಅಲ್ಲಿಂದ ಮುಂದೆ ಅವಳು ನೆಟ್ಟಿ ಮಾಡಲಿಲ್ಲ. ಗದ್ದೆ ಉಳಿಯಿತು. ಒಬ್ಬಳ ಹೊಟ್ಟೆಗೆ ಆಗುವಷ್ಟು, ಕೆಲವು ವರ್ಷ ಅದಕ್ಕಿಂತ ಕಡಿಮೆ, ಬೆಳೆಯುತ್ತಿತ್ತು. ಮಳೆಗಾಲವಿಡೀ ಕಳೆ ಕೀಳುವುದೇ ಅವಳ ಕೆಲಸ. ಊರಿನವರು ನೆಟ್ಟಿಗೆ ಇಳಿಯುವಾಗ ಅವಳ ಗದ್ದೆ ಮೊಳಕಾಲುದ್ದ ಹಸಿರಾಗಿರುತ್ತಿತ್ತು, ಅವಳು ಅದರ ನಡುವೆ ಬಗ್ಗಿಕೊಂಡಿರುತ್ತಿದ್ದಳು.

ನಾನು ಬೆಳಂಬಾರ ಬಿಟ್ಟದ್ದು ಮೂವತ್ತೊಂಬತ್ತರ ಮಳೆಗಾಲದಲ್ಲಿ. ಹೊರಡುವ ದಿನ ಹೇಳಿಹೋಗಲು ಅವಳ ಗದ್ದೆಗೆ ಹೋದೆ. ಪಕ್ಕದ ಗದ್ದೆಯಲ್ಲಿ ನೆಟ್ಟಿ ನಡೆದಿತ್ತು. ಹನುಮಜ್ಜಿ, ನಾಗಮ್ಮ, ನಾಗಮ್ಮನ ಮೈದುನ ಆ ಬೇಸಿಗೆಯಲ್ಲಿ ಮದುವೆಯಾಗಿ ತಂದ ಹುಡುಗಿ. ಹುಡುಗಿಗೆ ಇನ್ನೂ ಊರು ಹೊಸದು. ಸೊಂಟ ನೆಟ್ಟಗೆ ಮಾಡಲು ಎದ್ದವಳು ಬೀರಿಯ ಕಡೆ ನೋಡಿ, ಮೆಲ್ಲಗೆ ಕೇಳಿದೆ ಎಂದುಕೊಂಡು ಎಲ್ಲರಿಗೂ ಕೇಳುವ ಹಾಗೆ ಕೇಳಿದಳು:

"ಅಕ್ಕಾ, ಆ ಹೆಂಗ್ಸಿಗೆ ನೆಟ್ಟಿ ಮಾಡೂಕೆ ಬತ್ತಿಲ್ವಾ?"

ಹಾಡು ನಿಂತಿತು. ನಾಗಮ್ಮ ಕೈಯಲ್ಲಿದ್ದ ಸೂಡಿಯನ್ನು ನೋಡುತ್ತ ನಿಂತಳು. ಹೇಳುತ್ತಾಳೆ ಎಂದುಕೊಂಡೆ. ಹೇಳಲಿಲ್ಲ.

"ಬಗ್ಗು ತಂಗಿ, ಸಾಲು ತಪ್ತದೆ," ಎಂದಳು ಹನುಮಜ್ಜಿ.

ಬೀರಿ ಕಳೆಯ ಕಂತೆಯನ್ನು ಹಾಳಿಯ ಮೇಲೆ ಒಗೆದಳು. "ಹೊರಟ್ರಾ?" ಎಂದು ನನ್ನನ್ನು ಕೇಳಿದಳು. ಹೂಂ ಎಂದೆ. "ಮಳೆ ಬಪ್ಪ ಮುಂಚೆ ಹೋಗಿ," ಎಂದು ಮತ್ತೆ ಬಗ್ಗಿದಳು.